ಶೇಂಗಾ ಹೋಳಿಗೆ: ಬೀಜ ಹುರಿಯುವುದರಿಂದ ಡಬ್ಬಿ ತುಂಬುವವರೆಗೆ

ಬೇಳೆ ಹೋಳಿಗೆಯಲ್ಲಿ ಪಳಗಿದ ಕೈಯೂ ಶೇಂಗಾ ಹೋಳಿಗೆಯ ಮೊದಲ ನಾಲ್ಕಾರಕ್ಕೆ ತಡವರಿಸುತ್ತದೆ. ಬೇಳೆಯ ಹೂರಣ ಬೆಂದು ಅರೆದದ್ದು. ಅದರಲ್ಲಿ ನೀರಿದೆ, ಅಂಟಿದೆ, ಕಣಕ ಎತ್ತ ಹಿಗ್ಗಿದರೆ ಅದೂ ಅತ್ತ ಸರಿಯುತ್ತದೆ. ಶೇಂಗಾ ಹೂರಣ ಅಸಲಿಗೆ ಒಣ ಪುಡಿ. ಅದನ್ನು ಹಿಡಿದಿಡುವುದು ಬೀಜದೊಳಗಿನ ಎಣ್ಣೆ ಮತ್ತು ಬೆಲ್ಲ, ಇವೆರಡೇ. ಎಣ್ಣೆ ಅತಿಯಾಗಿ ಬಿಟ್ಟರೆ ಹೂರಣ ಜಿಡ್ಡುಗಟ್ಟಿ ಕಣಕದಿಂದ ಜಾರುತ್ತದೆ, ಬಿಡದಿದ್ದರೆ ಉದುರುತ್ತದೆ. ಆದ್ದರಿಂದ ಇಲ್ಲಿ ಕಲಿಯಬೇಕಾದ್ದು ಲಟ್ಟಿಸುವ ಚಾಕಚಕ್ಯಕ್ಕಿಂತ ಹೆಚ್ಚಾಗಿ ಹದ: ಹೂರಣದ ಮೆದು ಮತ್ತು ಕಣಕದ ಮೆದು ಒಂದೇ ಆಗಬೇಕು. ಅದೊಂದು ಕೂಡಿಬಂದರೆ ಹೊಸಬರ ಕೈಯಲ್ಲೂ ಹೋಳಿಗೆ ಒಡೆಯುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆಯ ಒಣ ಹೊಲಗಳಲ್ಲಿ ಶೇಂಗಾ ಮುಖ್ಯ ಬೆಳೆ. ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದೇ ಅಲ್ಲಿಯ ಗಿರಣಿಗಳಿಂದ. ಹಾಗಾಗಿ ದುರ್ಗ–ದಾವಣಗೆರೆಯವರಿಗೆ ಒಳ್ಳೆಯ ಬೀಜಕ್ಕೆ ದೂರ ಹೋಗಬೇಕಿಲ್ಲ. ಮುಂಗಾರಿನಲ್ಲಿ ಬಿತ್ತಿದ ಶೇಂಗಾ ದೀಪಾವಳಿಯ ಆಸುಪಾಸಿನಲ್ಲಿ ಕಿತ್ತು ಬರುತ್ತದೆ. ಒಣಗಿ, ಹದವಾಗಿ ಹೋಳಿಗೆಗೆ ಒದಗುವುದು ಸಂಕ್ರಾಂತಿಯಿಂದ ಯುಗಾದಿಯವರೆಗೆ. ಶೇಂಗಾ ಹೋಳಿಗೆಗೆ ಇದೇ ಸುಗ್ಗಿ.

20 ಹೋಳಿಗೆಗೆ ಬೇಕಾಗುವ ಸಾಮಾನು

ಹೂರಣಕ್ಕೆ:
- ಸುಲಿದ, ಒಣಗಿದ, ಹುರಿಯದ ಶೇಂಗಾ ಬೀಜ 500 ಗ್ರಾಂ (ಕಾಯಿ ತಂದು ಸುಲಿಯುವುದಾದರೆ ಸುಮಾರು 700 ಗ್ರಾಂ)
- ಬೆಲ್ಲ 380 ಗ್ರಾಂ, ತುರಿದದ್ದು
- ಬಿಳಿ ಎಳ್ಳು 50 ಗ್ರಾಂ
- ಗಸಗಸೆ 2 ಚಮಚ
- ಏಲಕ್ಕಿ 8, ಜಾಯಿಕಾಯಿ ತುರಿದರೆ ಒಂದು ಚಿಟಿಕೆ
- ಉಪ್ಪು ಒಂದು ಚಿಟಿಕೆ
- ಬಿಸಿನೀರು 3ರಿಂದ 4 ದೊಡ್ಡ ಚಮಚ

ಕಣಕಕ್ಕೆ:
- ಮೈದಾ 200 ಗ್ರಾಂ
- ಚಿರೋಟಿ ರವೆ 150 ಗ್ರಾಂ
- ಶೇಂಗಾ ಎಣ್ಣೆ 3 ದೊಡ್ಡ ಚಮಚ, ಮೇಲೆ ಸವರಲು ಇನ್ನೊಂದು
- ಉಪ್ಪು ಅರ್ಧ ಚಮಚ
- ನೀರು ಸುಮಾರು 200 ಮಿ.ಲೀ.

ಲಟ್ಟಿಸಲು ಅಕ್ಕಿ ಹಿಟ್ಟು ಒಂದು ಬಟ್ಟಲು. ಬೇಯಿಸಲು ಎಣ್ಣೆ ಅಥವಾ ತುಪ್ಪ, ಬೇಕೆನಿಸಿದಷ್ಟು.

ಅಳತೆಯನ್ನು ಲೋಟದಲ್ಲಿ ಕೊಡದೆ ತೂಕದಲ್ಲಿ ಕೊಟ್ಟಿರುವುದಕ್ಕೆ ಕಾರಣವಿದೆ. ಒಂದು ಲೋಟ ಬೆಲ್ಲ ತುರಿದು ಸಡಿಲವಾಗಿ ತುಂಬಿದರೆ ಒಂದು ತೂಕ, ಒತ್ತಿ ತುಂಬಿದರೆ ಅದರ ಒಂದೂವರೆ ಪಟ್ಟು. ಬೆಲ್ಲದ ಅಳತೆ ತಪ್ಪಿದರೆ ಸಿಹಿಯಷ್ಟೇ ಅಲ್ಲ, ಹೂರಣದ ಹದವೂ ಕೆಡುತ್ತದೆ. ಅಡುಗೆಮನೆಯ ಸಣ್ಣ ತಕ್ಕಡಿ ಇದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಬೀಜ ಮತ್ತು ಬೆಲ್ಲ ಆರಿಸುವುದು

ದಪ್ಪ ಬೀಜ ನೋಡಲು ಚೆಂದ. ಆದರೆ ಹೋಳಿಗೆಗೆ ನಮ್ಮ ಕಡೆಯ ಗಿಡ್ಡ ಜಾತಿಯ, ಟಿಎಂವಿ-2ನಂಥ ಸಣ್ಣ ಗುಂಡು ಬೀಜವೇ ವಾಸಿ. ಗಾತ್ರ ಒಂದೇ ಸಮನಿರುವುದರಿಂದ ಒಟ್ಟಿಗೆ ಹುರಿಯುತ್ತದೆ. ದೊಡ್ಡದು ಚಿಕ್ಕದು ಬೆರೆತ ಬೀಜದಲ್ಲಿ ಚಿಕ್ಕದು ಕರಕಲಾಗುವ ಹೊತ್ತಿಗೆ ದೊಡ್ಡದರ ಒಳಗು ಹಸಿಯಾಗಿಯೇ ಇರುತ್ತದೆ.

ಕೊಳ್ಳುವ ಮುಂಚೆ ನಾಲ್ಕು ಬೀಜ ಬಾಯಿಗೆ ಹಾಕಿ ನೋಡಿ. ಹಳೆಯ ಎಣ್ಣೆಯ ಕಮಟು ಇದ್ದರೆ ಬಿಡಿ, ಹುರಿದರೆ ಆ ವಾಸನೆ ಹೋಗುವುದಿಲ್ಲ. ಮನೆಗೆ ತಂದ ಮೇಲೆ ಮೊರದಲ್ಲಿ ಹರಡಿ ಆರಿಸಿ. ಸುರುಟಿದ್ದು, ಕಪ್ಪಾದದ್ದು, ಹಸಿರು–ಬೂದಿ ಬೂಸ್ಟು ಹಿಡಿದದ್ದು ಯಾವುದನ್ನೂ ಇಟ್ಟುಕೊಳ್ಳಬೇಡಿ. ಇದು ರುಚಿಯ ಮಾತಷ್ಟೇ ಅಲ್ಲ. ಸರಿಯಾಗಿ ಒಣಗದ ಶೇಂಗಾದ ಮೇಲೆ ಬೆಳೆಯುವ ಒಂದು ಜಾತಿಯ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಯಕೃತ್ತಿಗೆ ಕೆಡುಕು, ಮನೆಯ ಬಾಣಲೆಯಲ್ಲಿ ಹುರಿದರೆ ಪೂರ್ತಿ ಹೋಗುವಂಥದ್ದೂ ಅಲ್ಲ. ಅರ್ಧ ಕಿಲೋದಲ್ಲಿ ಒಂದು ಹಿಡಿ ಬೀಜ ಹೋದರೆ ಹೋಗಲಿ.

ಬೆಲ್ಲದಲ್ಲಿ ಎರಡು ಬಗೆ ಸುಲಭವಾಗಿ ಸಿಗುತ್ತವೆ: ಮಂಡ್ಯದ ಕಡೆಯ ಅಚ್ಚು ಬೆಲ್ಲ ಮತ್ತು ಮಹಾಲಿಂಗಪುರದ ಕಡೆಯ ಪೆಂಟೆ ಬೆಲ್ಲ. ಯಾವುದಾದರೂ ಸರಿಯೇ, ಆದರೆ ಗಟ್ಟಿಯಾಗಿರಬೇಕು. ಚಾಕು ತಾಗಿದರೆ ಪುಡಿಯಾಗಿ ಉದುರಬೇಕು. ಅಂಟಂಟಾಗಿ ಮೇಣದ ಹಾಗೆ ಬಾಗುವ ಬೆಲ್ಲದಲ್ಲಿ ನೀರಿನ ಅಂಶ ಹೆಚ್ಚು. ಅದನ್ನು ಹಾಕಿದರೆ ಹೂರಣ ಮೊದಲು ಚೆನ್ನಾಗಿಯೇ ಕಾಣುತ್ತದೆ, ಅರ್ಧ ಗಂಟೆಯಲ್ಲಿ ಸಡಿಲಾಗುತ್ತದೆ, ಹಂಚಿನ ಮೇಲೆ ಕರಗಿ ಸೋರುತ್ತದೆ. ತೀರಾ ಹಳದಿ, ಫಳಫಳ ಹೊಳೆಯುವ ಬೆಲ್ಲಕ್ಕೆ ಬಣ್ಣ ತಿಳಿಯಾಗಲು ರಾಸಾಯನಿಕ ಹಾಕಿರುವುದುಂಟು. ಕಂದು ಬಣ್ಣದ್ದೇ ಇರಲಿ. ಹೂರಣ ಹೇಗೂ ಕಂದೇ.

ಮೊದಲು ಕಣಕ ಕಲಸಿ

ಹೆಚ್ಚಿನವರು ಹೂರಣ ಮುಗಿಸಿ ಕಣಕಕ್ಕೆ ಕೈ ಹಾಕುತ್ತಾರೆ, ಆಮೇಲೆ ಕಣಕ ನೆನೆಯಲು ಹೊತ್ತು ಸಾಲದೆ ಅವಸರ ಮಾಡುತ್ತಾರೆ. ಚಿರೋಟಿ ರವೆ ನೀರು ಕುಡಿಯುವುದು ನಿಧಾನ. ಎರಡು ಗಂಟೆ ಕೊಡಲೇಬೇಕು. ಆದ್ದರಿಂದ ಕಣಕ ಕಲಸಿಟ್ಟೇ ಶೇಂಗಾ ಹುರಿಯಲು ಒಲೆ ಹಚ್ಚಿ.

ಮೈದಾ, ರವೆ, ಉಪ್ಪು ಬೆರೆಸಿ. ಮೊದಲು 150 ಮಿ.ಲೀ. ನೀರು ಹಾಕಿ ಒಟ್ಟುಗೂಡಿಸಿ, ಉಳಿದ 50 ಮಿ.ಲೀ. ಅನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತ ಐದು ನಿಮಿಷ ನಾದಿ. ಈಗ ಎಣ್ಣೆ ಹಾಕಿ ಮತ್ತೆ ಏಳೆಂಟು ನಿಮಿಷ ನಾದಬೇಕು. ಎಣ್ಣೆ ಹಾಕಿದ ಕೂಡಲೇ ಹಿಟ್ಟು ಜಾರಿ ಚೂರುಚೂರಾಗುತ್ತದೆ, ಗಾಬರಿ ಬೇಡ. ನಾದುತ್ತ ಹೋದಂತೆ ಎಣ್ಣೆ ಎಳೆದುಕೊಂಡು ಮತ್ತೆ ಒಂದಾಗುತ್ತದೆ. ಎಣ್ಣೆಯನ್ನು ಮೊದಲೇ ಹಿಟ್ಟಿಗೆ ಕಲಸಿಬಿಟ್ಟರೆ ಹಿಟ್ಟಿನಲ್ಲಿ ಜಿಗಿ ಕಟ್ಟುವುದಿಲ್ಲ. ಖಸ್ತಾ ಆಗುತ್ತದೆ, ಆದರೆ ಹಿಗ್ಗದು. ಕರ್ಜಿಕಾಯಿಗೆ ಅದು ಸರಿ, ಹೋಳಿಗೆಗೆ ಅಲ್ಲ.

ಬೇಳೆ ಹೋಳಿಗೆಯ ಕಣಕ ಕೈಗೆ ಅಂಟಿ ಇಳಿಯುವಷ್ಟು ಸಡಿಲ ಇರುತ್ತದೆ. ಇಲ್ಲಿ ಅಷ್ಟು ಬೇಡ. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಬೇಳೆ ಹೋಳಿಗೆಯ ಕಣಕಕ್ಕಿಂತ ಗಟ್ಟಿ. ಚಿವುಟಿದರೆ ಕಿವಿಯ ಹಾಲೆ ಚಿವುಟಿದಂತಿರಬೇಕು. ಮೇಲೆ ಒಂದು ಚಮಚ ಎಣ್ಣೆ ಸವರಿ, ಮುಚ್ಚಿಡಿ. ಎರಡು ಗಂಟೆಯ ನಂತರ ಒಂದು ಚೂರು ತೆಗೆದು ಎಳೆದರೆ ಹರಿಯದೆ ಎರಡು ಮೂರು ಇಂಚು ಬರಬೇಕು.

ಮೈದಾ ಬೇಡವೆನ್ನುವವರು ಪೂರ್ತಿ ಗೋಧಿ ಹಿಟ್ಟಿನಲ್ಲೂ ಮಾಡಬಹುದು. 350 ಗ್ರಾಂ ಗೋಧಿ ಹಿಟ್ಟಿಗೆ ನೀರು 230 ಮಿ.ಲೀ. ತನಕ ಹಿಡಿಯುತ್ತದೆ. ಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿದು ಹೊಟ್ಟು ತೆಗೆಯಿರಿ, ಇಲ್ಲದಿದ್ದರೆ ಹೊಟ್ಟಿನ ಚೂರು ಕಣಕವನ್ನು ಅಲ್ಲಲ್ಲೇ ಕತ್ತರಿಸುತ್ತದೆ. ಇದರಲ್ಲಿ ಹೋಳಿಗೆ ಸ್ವಲ್ಪ ದಪ್ಪಗೇ ಉಳಿಯುತ್ತದೆ, ಮಾರನೆಯ ದಿನಕ್ಕೆ ಬೇಗ ಬಿರುಸಾಗುತ್ತದೆ.

ಹುರಿಯುವುದು

ಹೋಳಿಗೆಯ ರುಚಿಯ ಮುಕ್ಕಾಲು ಪಾಲು ಈ ಹುರಿಯುವುದರಲ್ಲೇ ಇದೆ. ದಪ್ಪ ತಳದ ಬಾಣಲೆ, ಸಣ್ಣ ಉರಿ. 500 ಗ್ರಾಂ ಬೀಜವನ್ನು ಎರಡು ಸಲಕ್ಕೆ ಹುರಿಯಿರಿ. ಒಂದೇ ಸಲ ಹಾಕಿದರೆ ಮೇಲಿನದು ಕೆಳಗೆ ಬರುವಷ್ಟರಲ್ಲಿ ಕೆಳಗಿನದು ಸುಟ್ಟಿರುತ್ತದೆ. ಕೈ ಬಿಡದೆ ತಿರುವುತ್ತಿರಿ. ಆರೇಳು ನಿಮಿಷಕ್ಕೆ ಚಟಪಟ ಸದ್ದು ಶುರುವಾಗುತ್ತದೆ, ಅದು ಬೀಜದ ತೇವ ಹೊರಹೋಗುವ ಸದ್ದು. ಹತ್ತು ನಿಮಿಷದ ಹೊತ್ತಿಗೆ ಸದ್ದು ಕಡಿಮೆಯಾಗಿ ಪರಿಮಳ ಏಳುತ್ತದೆ. ಈಗ ಎರಡು ಬೀಜ ತೆಗೆದು, ಆರಿಸಿ, ಸಿಪ್ಪೆ ಉಜ್ಜಿ, ಬೇಳೆಯನ್ನು ಎರಡಾಗಿ ಬಿಡಿಸಿ ನೋಡಿ. ಒಳಮೈ ಕೆನೆಬಣ್ಣ ದಾಟಿ ತೆಳು ಹೊಂಬಣ್ಣಕ್ಕೆ ತಿರುಗುತ್ತಿದ್ದರೆ ಸಾಕು, ಇಳಿಸಿ. ಒಳಗೆ ಇನ್ನೂ ಬೆಳ್ಳಗಿದ್ದರೆ ಎರಡು ನಿಮಿಷ ಹುರಿದು ಮತ್ತೆ ನೋಡಿ.

ಬಣ್ಣ ಪೂರ್ತಿ ಬರುವವರೆಗೆ ಒಲೆಯ ಮೇಲೆ ಕಾಯುವುದೇ ಎಲ್ಲರೂ ಮಾಡುವ ತಪ್ಪು. ಬೀಜದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಎಣ್ಣೆ. ಆ ಎಣ್ಣೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಒಲೆ ಆರಿಸಿದ ಮೇಲೂ ಬೀಜ ತನ್ನ ಬಿಸಿಯಲ್ಲೇ ಹುರಿಯುತ್ತದೆ. ಬಾಣಲೆಯಲ್ಲೇ ಬಿಟ್ಟರಂತೂ ಕಹಿಯಾಗುವುದು ಖಚಿತ. ಕೂಡಲೇ ಅಗಲ ತಟ್ಟೆಗೆ ಸುರಿದು ಹರಡಿ.

ಹಸಿಬಿಸಿ ಹುರಿದರೂ ತೊಂದರೆಯೇ. ತೇವ ಉಳಿದ ಬೀಜ ಮಿಕ್ಸಿಯಲ್ಲಿ ಪುಡಿಯಾಗದೆ ಮುದ್ದೆ ಕಟ್ಟುತ್ತದೆ, ಸಿಪ್ಪೆ ಬಿಡುವುದಿಲ್ಲ, ಹೋಳಿಗೆ ಬಹಳ ದಿನ ಬಾಳುವುದೂ ಇಲ್ಲ.

ಪೂರ್ತಿ ಆರಿದ ಮೇಲೆ, ಅಂದರೆ ಮುಕ್ಕಾಲು ಗಂಟೆ ಬಿಟ್ಟು, ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ. ಸಿಪ್ಪೆ ಶೇಕಡಾ ನೂರಕ್ಕೆ ನೂರು ಹೋಗಬೇಕಿಲ್ಲ, ಆದರೆ ಹೆಚ್ಚು ಉಳಿದರೆ ಒಗರು ಬರುತ್ತದೆ. ಕೊನೆಗೆ ಕೈಯಲ್ಲಿ ಸುಮಾರು 460 ಗ್ರಾಂ ಉಳಿಯುತ್ತದೆ.

ಬೀಜ ತಟ್ಟೆಗೆ ಸುರಿದ ಕೂಡಲೇ, ಅದೇ ಬಾಣಲೆ ಬಿಸಿ ಇರುವಾಗಲೇ ಎಳ್ಳು ಹಾಕಿ. ಮೂರ್ನಾಲ್ಕು ನಿಮಿಷಕ್ಕೆ ಸಿಡಿಯತೊಡಗಿದರೆ ಇಳಿಸಿ. ಗಸಗಸೆಗೆ ಒಂದು ನಿಮಿಷ ಬಹಳ, ಆರಿಸಿದ ಒಲೆಯ ಬಾಣಲೆಯ ಬಿಸಿಯೇ ಸಾಕಾಗುತ್ತದೆ.

ಹುರಿಯುವುದು, ಸಿಪ್ಪೆ ತೆಗೆಯುವುದು ಹಿಂದಿನ ರಾತ್ರಿಯೇ ಆಗಿದ್ದರೆ ಹಬ್ಬದ ಬೆಳಗ್ಗೆ ಬಹಳ ಹಗುರ. ಪುಡಿ ಮಾತ್ರ ಹಿಂದಿನ ದಿನ ಮಾಡಿಡಬೇಡಿ. ಗಾಳಿಗೆ ಒಡ್ಡಿದ ಪುಡಿ ಪರಿಮಳ ಕಳೆದುಕೊಳ್ಳುತ್ತದೆ.

ಪುಡಿ ಮಾಡುವುದು: ಎಣ್ಣೆ ಬಿಡಬಾರದು

ಮಿಕ್ಸಿಯನ್ನು ಒಂದೇ ಸಮನೆ ತಿರುಗಿಸಿದರೆ ಅಲಗಿನ ಬಿಸಿಗೂ ಉಜ್ಜಾಟಕ್ಕೂ ಬೀಜದ ಎಣ್ಣೆ ಹೊರಬಂದು ಅರ್ಧ ನಿಮಿಷದಲ್ಲಿ ಪುಡಿ ಹೋಗಿ ಬೆಣ್ಣೆಯಂಥ ಮುದ್ದೆ ಸಿಗುತ್ತದೆ. ಅದಕ್ಕೇ ಹಿಂದೆ ಬೀಸುವ ಕಲ್ಲಿನಲ್ಲೋ ಒರಳಿನಲ್ಲೋ ಮಾಡಿದ ಹೂರಣಕ್ಕೆ ಜಿಡ್ಡಿನ ಸಮಸ್ಯೆ ಅಷ್ಟಾಗಿ ಇರಲಿಲ್ಲ. ಕಲ್ಲು ನಿಧಾನ, ಬಿಸಿಯಾಗುವುದಿಲ್ಲ.

ಮಿಕ್ಸಿಯಲ್ಲಿ ಹೀಗೆ ಮಾಡಿ. ಒಣಗಿದ ಜಾರ್‌ಗೆ ಒಂದು ಸಲಕ್ಕೆ 150 ಗ್ರಾಂ ಮಾತ್ರ. ಮೂರು ನಾಲ್ಕು ಸೆಕೆಂಡು ತಿರುಗಿಸಿ, ನಿಲ್ಲಿಸಿ, ಜಾರ್ ಅಲುಗಾಡಿಸಿ. ಹೀಗೆ ಆರೇಳು ಸಲ. ರವೆ ಜರಡಿಯಲ್ಲಿ ಹಿಡಿಯಿರಿ, ಮೇಲೆ ಉಳಿದ ನುಚ್ಚನ್ನು ಮುಂದಿನ ಕಂತಿನೊಂದಿಗೆ ಹಾಕಿ. ಪುಡಿ ಚಿರೋಟಿ ರವೆಯಷ್ಟು ನುಣುಪಿದ್ದರೆ ಸಾಕು. ಎಳ್ಳನ್ನು ಬೇರೆಯಾಗಿ, ಏಲಕ್ಕಿಯೊಂದಿಗೆ, ಎರಡೇ ಸುತ್ತು. ಗಸಗಸೆ ಪುಡಿ ಮಾಡುವುದೇ ಬೇಡ, ಇಡಿಯಾಗಿಯೇ ಬೆರೆಸಿ.

ಜರಡಿ ಹಿಡಿಯುವುದನ್ನು ತಪ್ಪಿಸಬೇಡಿ. ಹೂರಣದಲ್ಲಿ ಉಳಿದ ಒಂದೇ ಒಂದು ಬೀಜದ ಚೂರು ಲಟ್ಟಣಿಗೆಯ ಕೆಳಗೆ ಸಿಕ್ಕು ಕಣಕವನ್ನು ಸೀಳುತ್ತದೆ. ಹೋಳಿಗೆ ಅಲ್ಲಲ್ಲಿ ತೂತು ಬೀಳುವುದಕ್ಕೆ ಕೈಯ ತಪ್ಪಿಗಿಂತ ಇಂಥ ಚೂರುಗಳೇ ಹೆಚ್ಚು ಕಾರಣ.

ಅಷ್ಟು ಜಾಗ್ರತೆ ಮಾಡಿಯೂ ಪುಡಿ ಜಿಡ್ಡಾಯಿತೇ? 30ರಿಂದ 40 ಗ್ರಾಂ ಪುಟಾಣಿ (ಹುರಿಗಡಲೆ) ನುಣ್ಣಗೆ ಪುಡಿ ಮಾಡಿ ಬೆರೆಸಿ. ಅದು ಎಣ್ಣೆ ಹೀರಿಕೊಳ್ಳುತ್ತದೆ, ರುಚಿ ಹೆಚ್ಚು ಬದಲಾಗುವುದಿಲ್ಲ. ಕೆಲವರು ಮೈದಾ ಹುರಿದು ಹಾಕುತ್ತಾರೆ, ಬಾಯಲ್ಲಿ ಹಿಟ್ಟು ಹಿಟ್ಟೆನಿಸುತ್ತದೆ. ಪುಟಾಣಿಯೇ ಮೇಲು.

ಹೂರಣ ಕೂಡಿಸುವುದು

ಬೆಲ್ಲವನ್ನು ತುರಿಮಣೆಯಲ್ಲಿ ತುರಿದು ಅಥವಾ ಚಾಕುವಿನಿಂದ ಹೆರೆದು ಅದೇ ರವೆ ಜರಡಿಯಲ್ಲಿ ಹಿಡಿಯಿರಿ. ಶೇಂಗಾ ಪುಡಿ, ಎಳ್ಳು, ಗಸಗಸೆ, ಜಾಯಿಕಾಯಿ, ಉಪ್ಪು ಎಲ್ಲ ಬೆರೆಸಿ ಅಂಗೈಯಲ್ಲಿ ಎರಡು ಮೂರು ನಿಮಿಷ ಉಜ್ಜಿ. ಬೆಲ್ಲವೂ ಎಣ್ಣೆಯೂ ಕೂಡಿ ಪುಡಿ ಒದ್ದೆ ಮರಳಿನ ಬಣ್ಣಕ್ಕೆ ಬರುತ್ತದೆ. ಈಗ ಎರಡು ದೊಡ್ಡ ಚಮಚ ಬಿಸಿನೀರು ಚಿಮುಕಿಸಿ ಮಿದ್ದಿ ಮುದ್ದೆ ಮಾಡಿ. ಗಟ್ಟಿ ಎನಿಸಿದರೂ ಅವಸರದಲ್ಲಿ ಇನ್ನಷ್ಟು ನೀರು ಹಾಕಬೇಡಿ. ಮುಚ್ಚಿ ಇಪ್ಪತ್ತು ನಿಮಿಷ ಇಡಿ. ಬೆಲ್ಲ ನೀರೆಳೆದು ನಿಧಾನಕ್ಕೆ ಕರಗುತ್ತದೆ, ಹೂರಣ ತಾನಾಗಿಯೇ ಮೆದುವಾಗುತ್ತದೆ. ಆಮೇಲೂ ಗಟ್ಟಿ ಇದ್ದರೆ ಉಳಿದ ನೀರನ್ನು ಅರ್ಧರ್ಧ ಚಮಚ ಸೇರಿಸಿ.

ಹದ ನೋಡುವ ಬಗೆ: ಒಂದು ಉಂಡೆ ಕಟ್ಟಿ, ನಡುವೆ ಹೆಬ್ಬೆರಳಿನಿಂದ ಒತ್ತಿ. ಅಂಚು ಬಿರುಕು ಬಿಟ್ಟರೆ ನೀರು ಸಾಲದು. ಬೆರಳಿಗೆ ಅಂಟಿಕೊಂಡು ಎದ್ದರೆ ಹೆಚ್ಚಾಗಿದೆ. ಬಿರುಕಿಲ್ಲದೆ ತಗ್ಗು ಬಿದ್ದು, ಬೆರಳು ಎಣ್ಣೆಯಿಂದ ಸ್ವಲ್ಪ ಹೊಳೆದರೆ ಸರಿ. ಈಗ ಇನ್ನೊಂದು ಕೈಯಲ್ಲಿ ಅಷ್ಟೇ ದೊಡ್ಡ ಕಣಕದ ಉಂಡೆ ಹಿಡಿದು ಎರಡನ್ನೂ ಒಟ್ಟಿಗೆ ಒತ್ತಿ ನೋಡಿ. ಯಾವುದು ಹೆಚ್ಚು ಗಟ್ಟಿಯೋ ಅದನ್ನು ತಿದ್ದಬೇಕು. ಕಣಕ ಗಟ್ಟಿಯಿದ್ದರೆ ಒದ್ದೆ ಕೈಯಲ್ಲಿ ನಾದಿ ಮತ್ತೆ ಕಾಲು ಗಂಟೆ ಬಿಡಿ. ಹೂರಣ ಗಟ್ಟಿಯಿದ್ದರೆ ನೀರು, ಸಡಿಲಿದ್ದರೆ ಪುಟಾಣಿ ಪುಡಿ.

ಬೆಲ್ಲದಲ್ಲಿ ಮರಳು, ಕಡ್ಡಿ ಇದ್ದರೆ ಈ ಒಣ ಕ್ರಮ ನಡೆಯದು, ಕರಗಿಸಿ ಸೋಸಲೇಬೇಕು. 380 ಗ್ರಾಂ ಬೆಲ್ಲಕ್ಕೆ 80 ಮಿ.ಲೀ. ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಸೋಸಿ, ಮತ್ತೆ ಒಲೆಗಿಟ್ಟು ಮೇಲೆಲ್ಲ ನೊರೆ ಬಂದ ಕೂಡಲೇ ಇಳಿಸಿ. ಪಾಕ ಬರಬಾರದು, ಎಳೆಯ ಮಾತೇ ಬೇಡ. ಬೆರಳ ನಡುವೆ ಎಳೆ ಕಾಣುವಷ್ಟು ಕಾದಿದ್ದರೆ ಅದು ಉಂಡೆಗೆ ತಕ್ಕ ಪಾಕವಾಯಿತು. ಆರಿದ ಹೂರಣ ಕಲ್ಲಾಗಿ, ಲಟ್ಟಿಸುವಾಗ ಹೋಳಿಗೆ ನಡುವೆಯೇ ಬಿರಿಯುತ್ತದೆ. ಹಾಗಾದರೆ ಬಿಸಿನೀರು ಚಿಮುಕಿಸಿ ಮಿದ್ದಲು ನೋಡಬಹುದು, ಇಲ್ಲವೇ ಅದನ್ನು ತಿನ್ನಲು ಉಂಡೆ ಕಟ್ಟಿಟ್ಟು, ಕಣಕಕ್ಕೆ ಹೊಸ ಹೂರಣ ಮಾಡುವುದೇ ಲೇಸು. ಸರಿಯಾದ ಹದದ ಬೆಲ್ಲದ ನೀರಿಗೆ ಶೇಂಗಾ ಪುಡಿ ಸುರಿದಾಗ ಮೊದಲು ತೆಳ್ಳಗೆ ಕಾಣುತ್ತದೆ, ಅರ್ಧ ಗಂಟೆ ಆರುವಷ್ಟರಲ್ಲಿ ಗಟ್ಟಿಯಾಗುತ್ತದೆ. ಈ ಕ್ರಮದ ಹೋಳಿಗೆ ನುಣುಪಾಗಿರುತ್ತದೆ, ಆದರೆ ನೀರಂಶ ಹೆಚ್ಚಿರುವುದರಿಂದ ಒಣ ಕ್ರಮದ್ದಕ್ಕಿಂತ ಎರಡು ಮೂರು ದಿನ ಕಡಿಮೆ ಬಾಳುತ್ತದೆ.

ತುಂಬಿ ಲಟ್ಟಿಸುವುದು

ಕಣಕವನ್ನು 28ರಿಂದ 30 ಗ್ರಾಂನ 20 ಉಂಡೆ ಮಾಡಿ. ಹೂರಣ 45 ಗ್ರಾಂನಂತೆ 20. ಕಣಕಕ್ಕಿಂತ ಹೂರಣ ಒಂದೂವರೆ ಪಟ್ಟು, ಶೇಂಗಾ ಹೋಳಿಗೆಗೆ ಇದು ತಕ್ಕ ಪ್ರಮಾಣ. ಬೇಳೆ ಹೋಳಿಗೆಯಲ್ಲಿ ಎರಡು ಪಟ್ಟು ತುಂಬುವವರಿದ್ದಾರೆ. ಇಲ್ಲಿ ಅಷ್ಟು ತುಂಬಿದರೆ ಅಂಚಿನಲ್ಲಿ ಒಡೆಯದೆ ಇರದು.

ಕಣಕದ ಉಂಡೆಯನ್ನು ಅಂಗೈಯಗಲ ತಟ್ಟಿ. ನಡುವೆ ಸ್ವಲ್ಪ ದಪ್ಪ, ಅಂಚು ತೆಳ್ಳಗೆ. ಹೂರಣವಿಟ್ಟು ಅಂಚನ್ನು ಮೇಲೆಳೆದು ಕೂಡಿಸಿ, ಕೂಡಿದ ಜಾಗದಲ್ಲಿ ಹೆಚ್ಚಾದ ಕಣಕವನ್ನು ಚಿವುಟಿ ತೆಗೆದುಬಿಡಿ. ಆ ಗಂಟನ್ನು ಹಾಗೇ ಬಿಟ್ಟರೆ ಹೋಳಿಗೆಯ ಒಂದು ಕಡೆ ಹಸಿ ಹಿಟ್ಟಿನ ದಪ್ಪ ಉಳಿದು, ಇನ್ನೊಂದು ಕಡೆ ತೆಳುವಾಗಿ ಹೂರಣ ಇಣುಕುತ್ತದೆ. ಒಳಗೆ ಗಾಳಿ ಸಿಕ್ಕದಂತೆ ಹೂರಣಕ್ಕೆ ಒತ್ತಿ ಮುಚ್ಚಬೇಕು. ತುಂಬಿದ ಉಂಡೆಗಳನ್ನು ಐದು ನಿಮಿಷ ಬಿಟ್ಟು ಲಟ್ಟಿಸಿದರೆ ಕಣಕದ ಸೆಳೆತ ಇಳಿದು ಕೆಲಸ ಸಲೀಸು.

ಮಣೆಯ ಮೇಲೆ ಅಕ್ಕಿ ಹಿಟ್ಟು ಉದುರಿಸಿ, ಗಂಟಿನ ಕಡೆ ಕೆಳಗಿಟ್ಟು, ಮೊದಲು ಬೆರಳುಗಳಿಂದ ನಡುವಿನಿಂದ ಅಂಚಿಗೆ ತಟ್ಟುತ್ತ ಮೂರು ನಾಲ್ಕು ಇಂಚು ಮಾಡಿ. ಆಮೇಲೆ ಲಟ್ಟಣಿಗೆ. ಒತ್ತಡ ಹಗುರ ಇರಲಿ, ಲಟ್ಟಣಿಗೆಗಿಂತ ಹೋಳಿಗೆಯನ್ನೇ ತಿರುಗಿಸುತ್ತಿರಿ. 45 ಗ್ರಾಂ ಹೂರಣದ ಹೋಳಿಗೆ ಮೂರು ಮಿಲಿಮೀಟರ್ ದಪ್ಪಕ್ಕೆ ಬಂದಾಗ ಅಗಲ ಸುಮಾರು 16 ಸೆಂ.ಮೀ. ಆಗಿರುತ್ತದೆ. ಇನ್ನೂ ತೆಳ್ಳಗೆ ಮಾಡುವ ಕೈಗಳಿವೆ, ಆದರೆ ಹಂಚಿಗೆ ಎತ್ತಿ ಹಾಕುವಾಗ ಹರಿಯದಂತೆ ಅದಕ್ಕೆ ಬಟ್ಟೆಯೋ ಕಾಗದವೋ ಬೇಕು. ಮೈದಾ ಬದಲು ಅಕ್ಕಿ ಹಿಟ್ಟು ಹೇಳಿರುವುದು ಅದು ಕಣಕಕ್ಕೆ ಅಂಟಿ ಒಳಸೇರುವುದಿಲ್ಲ, ಕೊಡವಿದರೆ ಉದುರುತ್ತದೆ ಎಂಬ ಕಾರಣಕ್ಕೆ. ಕೊಡವದೆ ಹಂಚಿಗೆ ಹಾಕಿದರೆ ಮಾತ್ರ ಅದು ಅಲ್ಲೇ ಸುಟ್ಟು ಮುಂದಿನ ಹೋಳಿಗೆಗೆ ಕಪ್ಪು ಚುಕ್ಕೆ ಹಚ್ಚುತ್ತದೆ.

ಲಟ್ಟಿಸುವಾಗ ಸಣ್ಣ ತೂತು ಬಿದ್ದರೆ ಕಣಕದ ಒಂದು ಚೂರು ತೇಪೆ ಹಾಕಿ, ಹಿಟ್ಟು ಸವರಿ, ಆ ಕಡೆಯನ್ನು ಕೊನೆಯಲ್ಲಿ ಬೇಯಿಸಿ. ದೊಡ್ಡದಾಗಿ ಹರಿದರೆ ಮಡಿಚಿ ಮತ್ತೆ ಲಟ್ಟಿಸುವ ಪ್ರಯತ್ನ ಬೇಡ. ಹೂರಣ ಕಣಕ ಎರಡೂ ಬೆರೆತ ಮೇಲೆ ಅದು ಹೋಳಿಗೆಯಲ್ಲ, ಸಿಹಿ ರೊಟ್ಟಿ. ಮಕ್ಕಳು ತಿನ್ನುತ್ತಾರೆ, ಬೇಯಿಸಿ ಕೊಡಿ.

ಹಂಚಿನ ಮೇಲೆ

ಕಬ್ಬಿಣದ ಹಂಚು ಇದ್ದರೆ ಉತ್ತಮ. ನಡು ಉರಿಯಲ್ಲಿ ಐದು ನಿಮಿಷ ಕಾಯಲಿ. ಚಿಟಿಕೆ ಹಿಟ್ಟು ಉದುರಿಸಿ ನೋಡಿ: ನಿಧಾನಕ್ಕೆ ಹತ್ತು ಹದಿನೈದು ಸೆಕೆಂಡಿನಲ್ಲಿ ಕಂದಾದರೆ ಸರಿ, ಹಾಕಿದ ಕೂಡಲೇ ಹೊಗೆಯಾಡಿದರೆ ಉರಿ ಇಳಿಸಿ.

ಹೋಳಿಗೆ ಹಾಕಿ ಒಂದು ನಿಮಿಷ ಮುಟ್ಟಬೇಡಿ. ಮೇಲ್ಮೈ ಒಣಗಿ ಅಲ್ಲಲ್ಲಿ ಗುಳ್ಳೆ ಎದ್ದಾಗ ಸಟ್ಟುಗದಿಂದ ಮೊಗಚಿ. ಎರಡನೆಯ ಬದಿಗೂ ಅಷ್ಟೇ ಹೊತ್ತು. ನಂತರ ಬಟ್ಟೆಯ ಉಂಡೆಯಿಂದ ಅಂಚನ್ನು ಹಗುರಾಗಿ ಒತ್ತುತ್ತ ಅರ್ಧ ನಿಮಿಷ. ಒಟ್ಟು ಮೂರು ನಿಮಿಷ ಮೀರಬಾರದು. ಹೂರಣದ ಪ್ರತಿಯೊಂದೂ ಮೊದಲೇ ಹುರಿದದ್ದು, ಬೇಯಬೇಕಾದ್ದು ಹೊರಗಿನ ಕಣಕ ಮಾತ್ರ. ಹೆಚ್ಚು ಹೊತ್ತು ಬಿಟ್ಟರೆ ಒಳಗಿನ ಬೆಲ್ಲ ಕುದಿದು ಪಾಕವಾಗುತ್ತದೆ. ಬಿಸಿಯಲ್ಲಿ ಗೊತ್ತಾಗುವುದಿಲ್ಲ, ಆರಿದ ಮೇಲೆ ಹಪ್ಪಳದ ಹಾಗೆ ಮುರಿಯುತ್ತದೆ.

ಎಣ್ಣೆ ಹಾಕಬೇಕೇ ಬೇಡವೇ ಎಂಬುದು ಹೋಳಿಗೆ ಎಷ್ಟು ದಿನ ಇಡಬೇಕು ಎಂಬುದರ ಮೇಲೆ ನಿಂತಿದೆ. ಇಡುವುದಕ್ಕಾದರೆ ಒಣಗಿಯೇ ಬೇಯಿಸಿ, ತಿನ್ನುವಾಗ ತುಪ್ಪ ಹಾಕಿಕೊಳ್ಳಿ. ಅಂದೇ ಬಡಿಸುವುದಕ್ಕಾದರೆ ಮೊಗಚಿದ ಮೇಲೆ ಅಂಚಿಗೆ ಅರ್ಧ ಚಮಚ ತುಪ್ಪ ಬಿಟ್ಟು ಕೆಂಪಗೆ ಬೇಯಿಸಿ. ಮೊದಲ ಬದಿಗೇ ಎಣ್ಣೆ ಹಾಕಿದರೆ ಕಣಕ ಒಣಗುವ ಮೊದಲೇ ಮೆತ್ತಗಾಗಿ ಹಂಚಿಗೆ ಕಚ್ಚುತ್ತದೆ.

ಒಂದು ಹೋಳಿಗೆ ಒಡೆದು ಬೆಲ್ಲ ಸೋರಿತೆಂದರೆ ಅದನ್ನು ತೆಗೆದು, ಉರಿ ತಗ್ಗಿಸಿ, ಸಟ್ಟುಗದಿಂದ ಹೆರೆದು, ಒದ್ದೆ ಬಟ್ಟೆ ಸುತ್ತಿದ ಸಟ್ಟುಗದಿಂದಲೇ ಹಂಚು ಒರೆಸಿ. ಬರಿಗೈಯಲ್ಲಿ ಒರೆಸಲು ಹೋಗಬೇಡಿ, ಕರಗಿದ ಬೆಲ್ಲ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಒರೆಸದೆ ಮುಂದುವರಿದರೆ ಆಮೇಲಿನ ಎಲ್ಲ ಹೋಳಿಗೆಗೂ ಸುಟ್ಟ ಕಹಿ.

ಕೆಟ್ಟರೆ ಎಲ್ಲಿ ಹುಡುಕಬೇಕು

ಹೂರಣ ಅಂಚಿನವರೆಗೆ ಹೋಗದೆ ನಡುವೆಯೇ ಗುಡ್ಡೆ ನಿಂತಿದ್ದರೆ ಅದು ಕಣಕಕ್ಕಿಂತ ಗಟ್ಟಿ. ಅಂಚಿನಲ್ಲಿ ಒಡೆದು ಚೆಲ್ಲಿದರೆ ಕಣಕಕ್ಕಿಂತ ಸಡಿಲ, ಇಲ್ಲವೇ ತುಂಬಿದ್ದು ಹೆಚ್ಚು. ಬೆಂದ ಮೇಲೆ ಮೇಲಿನ ಕಣಕ ಪದರವಾಗಿ ಬೇರೆ ಎದ್ದು ಬಂದರೆ ಹೂರಣ ಎಣ್ಣೆ ಬಿಟ್ಟಿದೆ, ಮುಂದಿನ ಉಂಡೆಗಳಿಗೆ ಪುಟಾಣಿ ಪುಡಿ ಬೆರೆಸಿ. ಹೋಳಿಗೆ ಪೂರಿಯಂತೆ ಉಬ್ಬಿದರೆ ತುಂಬುವಾಗ ಗಾಳಿ ಸಿಕ್ಕಿದೆ. ಅದು ದೋಷವೇನಲ್ಲ, ಚುಚ್ಚಬೇಡಿ, ಚುಚ್ಚಿದ ತೂತಿನಿಂದ ಬೆಲ್ಲ ಬರುತ್ತದೆ. ಲಟ್ಟಿಸಿದ್ದು ಮತ್ತೆ ಮತ್ತೆ ಕುಗ್ಗಿದರೆ ಕಣಕ ನೆನೆದದ್ದು ಸಾಲದು.

ಎಲ್ಲ ಸರಿಯಿದ್ದೂ ಬಾಯಲ್ಲಿ ಸಪ್ಪೆ ಎನಿಸಿದರೆ ಹಲವು ಸಲ ಬೆಲ್ಲ ಕಡಿಮೆಯಾಗಿರುವುದಿಲ್ಲ, ಉಪ್ಪು ಮರೆತಿರುತ್ತದೆ.

ಆರಿಸಿ ಇಡುವುದು, ಬಡಿಸುವುದು

ಬಿಸಿ ಹೋಳಿಗೆಯನ್ನು ಒಂದರ ಮೇಲೊಂದು ಪೇರಿಸಬೇಡಿ. ಉಗಿ ನೀರಾಗಿ ಇಳಿದು ಕಣಕ ಜಿಬಿಜಿಬಿಯಾಗುತ್ತದೆ, ಬೂಸ್ಟು ಶುರುವಾಗುವುದೂ ಅಲ್ಲಿಂದಲೇ. ಹತ್ತಿ ಬಟ್ಟೆ ಹಾಸಿದ ಬುಟ್ಟಿಯಲ್ಲೋ ಮೊರದಲ್ಲೋ ಬಿಡಿಬಿಡಿಯಾಗಿ ಹರಡಿ. ಮುದ್ರಿಸಿದ ಪತ್ರಿಕೆಯ ಹಾಳೆ ಬೇಡ, ಶಾಯಿ ಎಣ್ಣೆಗೆ ಬಿಡುತ್ತದೆ. ಒಂದೂವರೆ ಎರಡು ಗಂಟೆ ಆರಿ ಪೂರ್ತಿ ತಣ್ಣಗಾದ ಮೇಲೆ ಸ್ಟೀಲ್ ಡಬ್ಬಿ.

ಬೇಳೆ ಹೋಳಿಗೆ ಎರಡನೆಯ ದಿನಕ್ಕೆ ಹಳಸುವ ಕಡೆ ಇರುತ್ತದೆ. ಒಣ ಕ್ರಮದಲ್ಲಿ ಮಾಡಿ ಒಣಗಿಯೇ ಬೇಯಿಸಿದ ಶೇಂಗಾ ಹೋಳಿಗೆ ನಮ್ಮ ಬೇಸಿಗೆಯ ಒಣ ಹವೆಯಲ್ಲಿ ಹತ್ತು ಹನ್ನೆರಡು ದಿನ ಇರುತ್ತದೆ, ಮಳೆಗಾಲದಲ್ಲಿ ಒಂದು ವಾರ. ಒದ್ದೆ ಕೈ ಡಬ್ಬಿಗೆ ಹೋಗದಿದ್ದರೆ ಮಾತ್ರ. ಜಾತ್ರೆಗೆ, ದೂರದ ಪಯಣಕ್ಕೆ ಇದನ್ನೇ ಕಟ್ಟಿಕೊಡುವುದು ಇದೇ ಕಾರಣಕ್ಕೆ. ಒಂದು ಕೊರತೆ ಇದೆ: ಬೇಳೆ ಬೇಯಿಸಿದ ಕಟ್ಟು ಇಲ್ಲಿ ಸಿಗುವುದಿಲ್ಲ, ಹಾಗಾಗಿ ಹೋಳಿಗೆ ಸಾರೂ ಇಲ್ಲ. ಯುಗಾದಿಯ ದಿನ ಬೇಳೆ ಹೋಳಿಗೆಯನ್ನು ಇದು ಬದಿಗೆ ಸರಿಸಲಾರದ್ದು ಬಹುಶಃ ಆ ಸಾರಿನ ದೆಸೆಯಿಂದಲೇ.

ತಣ್ಣಗಾದ ಹೋಳಿಗೆ ಸ್ವಲ್ಪ ಗರಿಯಾಗುತ್ತದೆ, ಬೆಲ್ಲ ಮತ್ತೆ ಗಟ್ಟಿಯಾಗುವುದರಿಂದ. ಕೆಲವರಿಗೆ ಅದೇ ಇಷ್ಟ. ಮೆತ್ತಗೆ ಬೇಕಾದರೆ ಬಿಸಿ ಹಂಚಿನ ಮೇಲೆ ಒಂದೊಂದು ಬದಿಗೆ ಅರ್ಧ ನಿಮಿಷ ಇಟ್ಟು, ಬೆಣ್ಣೆ ಕಾಯಿಸಿದ ಹೊಸ ತುಪ್ಪ ಹಾಕಿ ಬಡಿಸಿ. ಬಿಸಿ ಹಾಲಿನಲ್ಲಿ ಅದ್ದಿ ತಿನ್ನುವುದೂ ಉಂಟು. ಬಂದವರಲ್ಲಿ ಶೇಂಗಾ ಒಗ್ಗದವರು ಇದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕೆಲವರಿಗೆ ಸ್ವಲ್ಪ ತಿಂದರೂ ಅಪಾಯ, ಅಂಥವರಿಗೆ ಬೇಳೆ ಹೋಳಿಗೆಯನ್ನು ಬೇರೆ ಹಂಚಿನಲ್ಲಿ, ಬೇರೆ ಮಣೆಯಲ್ಲಿ ಮಾಡಬೇಕು.

ನೂರು ಹೋಳಿಗೆ ಮಾಡುವಾಗ ಎಲ್ಲ ಅಳತೆಯನ್ನೂ ಐದು ಪಟ್ಟು ಮಾಡಿ, ಹೂರಣದ ನೀರೊಂದನ್ನು ಬಿಟ್ಟು. ಅದನ್ನು ಮೂರು ಪಟ್ಟಿನಿಂದ ಶುರು ಮಾಡಿ. ದೊಡ್ಡ ರಾಶಿಯಲ್ಲಿ ಮಿದ್ದುವ ಹೊತ್ತು ಹೆಚ್ಚು, ಅಷ್ಟರಲ್ಲಿ ಬೆಲ್ಲವೇ ಸಾಕಷ್ಟು ಬಿಟ್ಟುಕೊಂಡಿರುತ್ತದೆ. ಹೂರಣವನ್ನು ಮಾತ್ರ ಒಟ್ಟಿಗೆ ಕೂಡಿಸಿ, ಕಣಕವನ್ನು ಎರಡು ಕಂತಾಗಿ, ಒಂದು ಗಂಟೆ ಅಂತರದಲ್ಲಿ ಕಲಸಿ. ಐದಾರು ಗಂಟೆ ಕೂತ ಕಣಕ ಜಿಗಿ ಕಳೆದುಕೊಂಡು ಕೊನೆಯ ಮೂವತ್ತು ಹೋಳಿಗೆಯನ್ನು ಹಾಳುಮಾಡುತ್ತದೆ. ಊರಿಗೆ ಕಳಿಸುವ ಪಾರ್ಸೆಲ್‌ಗೆ ನಾಲ್ಕು ನಾಲ್ಕು ಹೋಳಿಗೆ ಬಟರ್ ಪೇಪರಿನಲ್ಲಿ ಸುತ್ತಿ, ಅಲುಗದಂತೆ ಡಬ್ಬಿಯ ಖಾಲಿ ಜಾಗಕ್ಕೆ ಕಾಗದ ತುರುಕಿ. ಮಾಡಿದ ಮಾರನೆಯ ದಿನ ಕಳಿಸಿದರೆ ಮುರಿಯುವುದು ಕಡಿಮೆ, ಅಷ್ಟರಲ್ಲಿ ಹೂರಣ ಕೂತಿರುತ್ತದೆ.